ಸ್ಟೇಜ್ ಬಿಟ್ಟು ಓಣಿಗಿ ಇಳದ ಮ್ಯಾಲ ನಮ್ಮ ಹಬ್ಬ ಗಟ್ಟಿ ನಿಂತಿತು – ನನ್ನ ಅನುಭವ

ಈ ಸಲ ನಮ್ಮೂರ ಕಲಾ ಹಬ್ಬ ಮುಗದ ಮರುದಿನ ಮುಂಜಾನಿ ಲೆಕ್ಕಕ್ಕ ಕುಂತಾಗ ಡಬ್ಬ್ಯಾಗ 2,300 ರೂಪಾಯಿ ಚಿಲ್ಲರ ಉಳದಿತ್ತು. ಯಾರ ಕಡೀನೂ ಉದ್ರಿ ಇಲ್ಲ, ಯಾವ ಕಲಾವಿದರದ್ದೂ ಬಾಕಿ ಇಲ್ಲ. ಸಾಲ ಇಲ್ಲದ ಹಬ್ಬ ಮುಗಸಿದ್ದು ಇದು ಸತತ ಮೂರನೇ ಸಲ, ಅದಕ್ಕ ಈಗ ಧೈರ್ಯ ಮಾಡಿ ಬರ್ಯಾಕತ್ತೀನಿ. ಸ್ಟೇಜ್ ಇಲ್ಲದ, ಮುಖ್ಯ ಅತಿಥಿ ಇಲ್ಲದ, ಫ್ಲೆಕ್ಸ್ ಇಲ್ಲದ ಎಲ್ಲ್ಯಾರ ಹಬ್ಬ ಆಗ್ತದೇನು ಅಂದವರು ಭಾಳ ಮಂದಿ, ನಮ್ಮ ಕಮಿಟಿ ಒಳಗೇ ಅರ್ಧ ಮಂದಿ ಅಂದಿದ್ರು.

ನಮ್ಮೂರು ಕಲಬುರಗಿ ಜಿಲ್ಲಾದ ಆಳಂದ ತಾಲೂಕಿನಾಗ. ಊರು ಸಣ್ಣದು, ಖರೆ ಭಜನಿ ಮೇಳ ನಾಕು ಅವ, ಮೊಹರಂ ಹೆಜ್ಜಿ ಮೇಳ ಎರಡು. ಮಠದ ಪಡಸಾಲ್ಯಾಗ ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡೋ ಮುತ್ಯಾಗಳೇ ಮೊಹರಂ ದೇವರು ಕೂಡಿಸೋ ಆಶೂರಖಾನಿ ಮುಂದ ಬಂದು ರಿವಾಯತ್ ಅನ್ನೋ ಮೊಹರಂ ಪದ ಹಾಡ್ತಾರ. ಮಡಿವಾಳಪ್ಪನವರ ಶಿಷ್ಯರ ಬಳಗದಾಗೇ ಚೆನ್ನೂರ ಜಲಾಲಸಾಹೇಬರೂ ಇದ್ರು, ಖೈನೂರ ಕೃಷ್ಣಪ್ಪನವರೂ ಇದ್ರು, ಹಂಗಾಗಿ ಹಿಂದೂ ಮುಸಲ್ಮಾನರು ಕೂಡಿ ಹಾಡೋದು ನಮ್ಮ ಕಡಿ ಹೊಸಾದಲ್ಲ. 12 ವರ್ಷದ ಹಿಂದ ಒಂದೇ ಮಳಿಗಾಲದಾಗ ಇಬ್ರು ಹಿರೇ ಹಾಡುಗಾರರು ತೀರಕೊಂಡ್ರು, ಅವರ ಪದ ಯಾರೂ ಬರಕೊಂಡಿದ್ದಿಲ್ಲ. ಆ ಸಂಕಟಕ್ಕ ಆರು ಮಂದಿ ಗೆಳ್ಯಾರು ಕೂಡಿ ಹಬ್ಬ ಶುರು ಮಾಡಿದ್ವಿ.

ಮೊದಲನೇ ವರ್ಷ ಎಲ್ಲರೂ ಮಾಡೋದೇ ಮಾಡಿದ್ವಿ. ಸಾಲಿ ಮೈದಾನದಾಗ ದೊಡ್ಡ ಸ್ಟೇಜು, ಶಾಮಿಯಾನ, ಎಂಟು ಬಾಕ್ಸಿನ ಸೌಂಡ್ ಸೆಟ್ಟು, ಜನರೇಟರ್. ಖರ್ಚು ಹತ್ತತ್ರ 85 ಸಾವಿರ, ಅದ್ರಾಗ 50 ಸಾವಿರದ ಮ್ಯಾಲ ಬರೀ ಮಂಡಪದವರಿಗಿ ಮತ್ತ ಸೌಂಡಿನವರಿಗೇ ಹೋತು. ಪ್ರಾಯೋಜಕರಾಗಿ 30 ಸಾವಿರ ಕೊಡ್ತೀನಿ ಅಂತ ಮಾತು ಕೊಟ್ಟವರೊಬ್ಬರು, ಅವರ ಫೋಟೋ ನಡಬರಕ ಹಾಕಿ ಫ್ಲೆಕ್ಸ್ ಹೊಡಸಿದ್ವಿ, ಹಬ್ಬ ಮುಗದ ಮ್ಯಾಲ ಫೋನೇ ಎತ್ತಲಿಲ್ಲ. ಕಡೀಕ ನನ್ನ ಹೆಂಡ್ತಿ ಬೋರಮಾಳ ಸರ ಒತ್ತಿ ಇಟ್ಟು ಸೌಂಡಿನವರ ಬಾಕಿ ಮುಟ್ಟಸಿದೆ, ಬಿಡಸ್ಕೋಳಾಕ ಒಂದೂವರಿ ವರ್ಷ ಹಿಡೀತು. ಅದಕಿಂತ ಹೆಚ್ಚ ನೋವಾಗಿದ್ದು ಬ್ಯಾರೇನೇ ಅದ. ಹಾಡಾಕ ಬಂದ ಮುತ್ಯಾಗಳಿಗಿ ಶಾಲು ಹೊಚ್ಚಿ, ಹಾರ ಹಾಕಿ, ಕೈಮುಗದು ಕಳಸಿದ್ವಿ, ರೊಕ್ಕ ಆಮ್ಯಾಲ ಅಂದ್ವಿ. ಒಬ್ರು ಮುತ್ಯಾ ಬಸ್ ಸ್ಟ್ಯಾಂಡಿನಾಗ ನನ್ನ ಕೈ ಹಿಡದು, "ಶಾಲು ಹೊಚ್ಚಿ ಕಳಸಬ್ಯಾಡ್ರಿ ತಮ್ಮಾ, ಬಸ್ ಚಾರ್ಜ್ ಕೊಟ್ಟು ಕಳಸ್ರಿ" ಅಂದ್ರು. ಆ ಮಾತು ಇನ್ನೂ ಕಿವ್ಯಾಗ ಅದ.

ಎರಡನೇ ವರ್ಷದ ತಪ್ಪು ಕ್ಯಾಲೆಂಡರಿಂದು. ತೊಗರಿ ರಾಶಿ ಮುಗೀತದ, ಥಂಡಿ ಅದ, ಮಂದಿ ಖಾಲಿ ಇರ್ತಾರ ಅಂತ ಶನಿವಾರ ಐತವಾರ ನೋಡಿ ದಿನಾ ಇಟ್ವಿ, ಹೊಲದ ಪೂಜಿ ಮಾಡೋ ಎಳ್ಳಮಾಸಿ (ಎಳ್ಳ ಅಮಾಸಿ) ಅದೇ ಐತವಾರ ಬಂದದ ಅನ್ನೋದು ಯಾರ ತಲಿಗೂ ಬರಲಿಲ್ಲ. ಊರಿಗಿ ಊರೇ ಬಂಡಿ ಟ್ರ್ಯಾಕ್ಟರ್ ಕಟ್ಕೊಂಡು ಹೊಲಕ್ಕ ಹೋಗ್ಯದ, ಚರಗ ಚೆಲ್ಲಿ ಭಜ್ಜಿ ಸಜ್ಜಿರೊಟ್ಟಿ ಉಂಡು ಮರದ ನೆರಳಿಗಿ ಮಲಗ್ಯದ, ಇಲ್ಲಿ 300 ಖುರ್ಚಿ ಮುಂದ 20 ಮಂದಿ. ಈಗ ದಿನಾ ಇಡೋ ಮೊದಲು ಪಂಚಾಂಗ ನೋಡ್ತೀವಿ, ಉರುಸು ಜಾತ್ರಿ ನೋಡ್ತೀವಿ, ಆಮ್ಯಾಲ ಪರೀಕ್ಷಾ ಟೈಮ್ ಟೇಬಲ್ ನೋಡ್ತೀವಿ.

ಹಂಗೂ ಹಿಂಗೂ ಆರೇಳು ವರ್ಷ ಎಳದ್ವಿ. 2020ರ ಫೆಬ್ರುವರಿಯಾಗ ಕಲಬುರಗಿ ಯೂನಿವರ್ಸಿಟಿ ಆವರಣದಾಗ 85ನೇ ಸಾಹಿತ್ಯ ಸಮ್ಮೇಳನ ಆತಲ್ಲ, ಆ ಪೆಂಡಾಲು, ಆ ಮಂದಿ ನೋಡಿ ಬಂದ ನಮ್ಮ ಹುಡುಗರು ನಾವೂ ಮುಂದಿನ ಸಲ ದೊಡ್ಡದು ಮಾಡೂಣು ಅಂತ ಕುಣದಾಡಿದ್ರು. ಮುಂದಿನ ತಿಂಗಳೇ ದೇಶದ ಮೊದಲನೇ ಕೊರೊನಾ ಸಾವು ನಮ್ಮ ಕಲಬುರಗ್ಯಾಗೇ ಆತು. ಎಲ್ಲಾ ನಿಂತೇ ಹೋತು. ಎರಡು ವರ್ಷ ಹಬ್ಬ ಇಲ್ಲ.

ಆ ಖಾಲಿ ವರ್ಷದಾಗೇ ಹೊಸಾ ದಾರಿ ಸಿಕ್ಕಿದ್ದು. ಲಾಕ್‌ಡೌನ್ ಸಡ್ಲಾದ ಮ್ಯಾಲ ಒಂದಿನ ಸಂಜಿಮುಂದ ನಮ್ಮ ಓಣಿ ಹನುಮಪ್ಪನ ಕಟ್ಟಿ ಮ್ಯಾಲ ಒಬ್ರು ಕಾಕಾ ಸುಮ್ಮ ದಮ್ಮಡಿ ಅನ್ನೋ ಚರ್ಮದ ವಾದ್ಯ ಹಿಡಕೊಂಡು ಒಂದು ಪದ ಹಾಡಿದ್ರು. ಮೈಕ್ ಇಲ್ಲ, ಏನಿಲ್ಲ. ಹೆಣ್ಮಕ್ಕಳು ರೊಟ್ಟಿ ಬಡ್ಯೋದು ಬಿಟ್ಟು ಹೊಚ್ಚಲಕ್ಕ ಬಂದು ಕುಂತ್ರು. ಅಷ್ಟು ವರ್ಷ ಮೈದಾನಕ್ಕ ಬರ್ರಿ ಬರ್ರಿ ಅಂತ ಕರದ್ರೂ ಬರದ ಅದೇ ಆಯಿ, ಅದೇ ವೈನಿ. ನನಗ ಅವತ್ತೇ ಅನಸ್ತು, ಮಂದೀನ್ನ ಹಬ್ಬಕ್ಕ ಕರ್ಯೋದು ಬಿಟ್ಟು ಹಬ್ಬಾನೇ ಅವರ ಮನಿ ಮುಂದ ತಂದು ಇಡಬೇಕು ಅಂತ.

ಈಗ ನಾಕು ಓಣಿ, ನಾಕು ಸಂಜಿ. ಯಾವ ಓಣಿ ಪಾಳಿ ಅದನೋ ಆ ಓಣಿಯವರೇ ಮಾಲಕರು, ಯಾರು ಹಾಡಬೇಕು, ಯಾರ ಮನ್ಯಾಗ ಎಷ್ಟು ಮಂದಿ ಉಣಬೇಕು ಅನ್ನೋದು ಅವರೇ ಹೇಳ್ತಾರ. ಒಂದು ಮನಿಗಿ ಇಬ್ರು ಕಲಾವಿದರು, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅಡುಗಿಯವರ ಖರ್ಚು ಮೊದಲ 15 ಸಾವಿರ ಬರ್ತಿತ್ತು, ಈಗ ಸೊನ್ನಿ. ಪಟ್ಟಿ (ಹಬ್ಬದ ವಂತಿಗಿ) ಎತ್ತೋದೂ ಬದಲ ಮಾಡಿದ್ವಿ, ರೊಕ್ಕ ಕೇಳಂಗಿಲ್ಲ, ರಾಶಿ ಆದ ವಾರದಾಗ ಮನಿಗಿ ಒಂದು ಸೇರು ತೊಗರಿ ಕೇಳ್ತೀವಿ. ರೊಕ್ಕ ಕೇಳಿದ್ರ ಹತ್ತು ರೂಪಾಯಿ ಕೊಡಾಕೂ ನಾಳೆ ಬಾ ಅನ್ನೋ ಮನುಷ್ಯಾ ರಾಶಿ ಮುಂದ ನಿಂತಾಗ ಎರಡು ಸೇರು ಸುರೀತಾನ! ಹೋದ ಸಲ ಮೂರು ಕ್ವಿಂಟಲ್ ಜರ ಹೆಚ್ಚ ಆತು, ಕಲಬುರಗಿ ಗಂಜ್ ಮಾರ್ಕೆಟಿನಾಗ ಮಾರಿ ಬಂದ ರೊಕ್ಕ 22 ಸಾವಿರದ ಆಜುಬಾಜು. ಒಟ್ಟು ಹಬ್ಬದ ಖರ್ಚು ಈಗ 35 ಸಾವಿರ ದಾಟಂಗಿಲ್ಲ, ಉಳದದ್ದು ಊರು ಬಿಟ್ಟು ಪುಣೆ ಬೆಂಗಳೂರಿಗಿ ದುಡ್ಯಾಕ ಹೋದ ಹುಡುಗರು ಕಳಸ್ತಾರ. ಕಲಾವಿದರ ರೊಕ್ಕ ಹಾಡೋಕಿಂತ ಮೊದಲು, ಪಾಕೀಟಿನಾಗ, ಕೈಯಾಗ. ಇದೊಂದು ನಿಯಮ ನಾವು ಯಾವತ್ತೂ ಮುರ್ಯಂಗಿಲ್ಲ.

ಸೌಂಡಿನ ಮಾತಿಗಿ ಬರ್ತೀನಿ, ಯಾಕಂದ್ರ ನಾವು ಹೆಚ್ಚ ಸೋತಿದ್ದು ಅಲ್ಲೇ. ನಮ್ಮ ಓಣಿ ಎರಡೂ ಕಡಿ ಕಲ್ಲಿನ ಗ್ವಾಡಿ, ನೆಲಕ್ಕ ಶಾಬಾದಿ ಪರಸಿ. ಬಾಕ್ಸ್ ಇಟ್ರ ಧ್ವನಿ ಆ ಗ್ವಾಡಿಗಿ ಬಡದು ಈ ಗ್ವಾಡಿಗಿ ಬಂದು ಬರೀ ಗದ್ಲ, ತತ್ವಪದದಾಗ ಅಕ್ಷರಾನೇ ತಿಳೀಲಿಲ್ಲಂದ್ರ ಏನ್ ಉಳೀತು? ಮೊದಲನೇ ಓಣಿ ಸಂಜಿ ಪೂರಾ ಕೆಟ್ಟಿತು. ಮರುದಿನ ಒಬ್ರು ಆಯಿ ಹಳೇ ಬಟ್ಟಿ ತುಂಡು ಕೂಡಿಸಿ ಹೊಲದ ಕೌದಿ ಒಣಗಾಕ ಹಾಕಿದ್ರು, ಆ ಕೌದಿ ಮುಂದ ನಿಂತು ಮಾತಾಡಿದಾಗ ಧ್ವನಿ ಅಗದಿ ಸಾಫ್ ಅನಸ್ತು. ಅವತ್ತು ಸಂಜಿಗೇ ಮನಿಮನಿಯಿಂದ ಕೌದಿ ತಂದು ಎದುರಿನ ಗ್ವಾಡಿ ತುಂಬ ಹಗ್ಗಕ್ಕ ಹಾಕಿದ್ವಿ. ಗದ್ಲ ಅರ್ಧಕ್ಕ ಇಳೀತು! ಈಗ ಒಂದೇ ಬಾಕ್ಸು, ಹಾಡೋರ ಬಾಯಿ ಮುಂದ ಒಂದೇ ಮೈಕು, ದಮ್ಮಡಿಗಿ ತಾಳಕ್ಕ ಮೈಕ್ ಇಲ್ಲ. ಬಾಕ್ಸ್ ಎತ್ತ ಮುಖ ಮಾಡಿ, ಎಷ್ಟು ಎತ್ತರಕ್ಕ ಇಡ್ತೀವಿ ಅನ್ನೋದು ಇಲ್ಲಿ ಬರ್ಯಂಗಿಲ್ಲ, ಅದನ್ನ ಕಲ್ಯಾಕ ನನಗ ಎರಡು ವರ್ಷ ಹಿಡದದ, ಬೇಕಾದವರು ಬಂದು ನೋಡ್ರಿ.

ಆ ಕೌದಿಯಿಂದ ಇನ್ನೊಂದು ಆತು. ಮಂದಿ ಹಾಡು ಕೇಳ್ತಾ ಕೇಳ್ತಾ ಕೌದಿ ನೋಡಾಕ ಹತ್ತಿದ್ರು, ಇದು ಯಾರು ಹೊಲದದ್ದು, ಈ ತುಂಡು ಯಾವ ಸೀರೀದು, ಇದು ಅವರ ಅತ್ತಿ ಇಳಕಲ್ ಸೀರಿ ಅಲ್ಲೇನು ಅಂತ. ಈಗ ಕೌದಿ ನಮ್ಮ ಪ್ರದರ್ಶನ, ಹೊಲದವರ ಹೆಸರು ಚೀಟ್ಯಾಗ ಬರದು ಸೂಜಿ ಚುಚ್ಚಿ ಹಾಕ್ತೀವಿ. ಹಂಗೇ ಒಂದು ವರ್ಷ ಹಳೇ ಕ್ಯಾಲೆಂಡರ್ ಚಿತ್ರ ಕೂಡಿಸಿದ್ವಿ. ಎಸ್. ಎಂ. ಪಂಡಿತರು 1916ರಾಗ ಹುಟ್ಟಿದ್ದು ನಮ್ಮ ಕಲಬುರಗ್ಯಾಗೇ, ಮುಂಬೈಗಿ ಹೋಗಿ ಸಿನಿಮಾ ಪೋಸ್ಟರು, ದೇವರ ಕ್ಯಾಲೆಂಡರು ಬರದು ದೇಶದ ಮನಿಮನಿ ಗ್ವಾಡಿ ಮುಟ್ಟಿದವರು. ಅವರ ನಾಡಿನ ಮಂದಿ ಅಟ್ಟದ ಮ್ಯಾಲಿಂದ, ದೇವರ ಜಗಲಿ ಹಿಂದಿಂದ ಹಳೇ ಚಿತ್ರ ತಗದು ಧೂಳ ಜಾಡಿಸಿ ತಂದ್ರು. ಬಟ್ಟಿ ಕ್ಲಿಪ್ಪಿಗಿ ಸಿಗಿಸಿದ್ವಿ, ಗಾಳಿಗಿ ಎರಡು ಹರದ್ವು. ಮಂದೀದು ವಸ್ತು ಅದು, ಭಾಳ ಕೆಟ್ಟನಸ್ತು. ಆವಾಗಿಂದ ಚಿತ್ರ ಒಳಗ ಪಡಸಾಲ್ಯಾಗೇ.

ಬೀದರದಿಂದ ಬಿದರಿ ಕೆಲಸದವರನ್ನೂ, ಅಂದ್ರ ಜಸ್ತಾದ (ಸತುವಿನ) ಪಾತ್ರಿ ಮ್ಯಾಲ ಬೆಳ್ಳಿ ಕೂಡಿಸೋರನ್ನೂ ಕರಸಿದ್ವಿ. ಮೊದಲ ಸಲ ಕೆತ್ತೋದು, ಬೆಳ್ಳಿ ತಂತಿ ಬಡ್ಯೋದು ತೋರಿಸಿದ್ರು, ಅದು ತಾಸುಗಟ್ಲೆ ಕೆಲಸ, ಹುಡುಗರು ಎದ್ದು ಹೋದ್ರು. ಎರಡನೇ ಸಲ ನಾನೇ ಕೇಳಿಕೊಂಡೆ, ಅಣ್ಣಾ, ಕಡೀ ಕೆಲಸ ಅಷ್ಟೇ ತೋರಸ್ರಿ ಅಂತ. ಬೀದರ ಕೋಟೆ ಮಣ್ಣು, ನವಸಾಗರ ಅನ್ನೋ ಉಪ್ಪು ಕಲಸಿ ಕಾದ ಪಾತ್ರಿಗಿ ಹಚ್ಚಿದ್ರು ನೋಡ್ರಿ, ಬೂದಿ ಬಣ್ಣದ ಜಸ್ತಾ ಕಣ್ಣೆದುರೇ ಕರ್ರಗ ಆತು, ಬೆಳ್ಳಿ ಮಾತ್ರ ಹಂಗೇ ಬೆಳ್ಳಗ ಹೊಳೀತಿತ್ತು. ಓಣಿ ತುಂಬ ಹುಡುಗರು ಹೋ ಅಂದ್ರು. ಈಗ ಅದನ್ನ ಕರೆಕ್ಟ್ ಏಳಕ್ಕ ಇಡ್ತೀವಿ, ಮಂದಿ ಕೂಡಬೇಕಂದ್ರ ಅದೇ ಹೊತ್ತು.

ರಾತ್ರಿ 10ರ ಮ್ಯಾಲ ಹೊರಗ ಮೈಕ್ ಹಚ್ಚಬಾರದು ಅನ್ನೋ ಕಾಯ್ದೆ ನಿಮಗೂ ಗೊತ್ತದ. ತತ್ವಪದ ರಂಗೇರೋದೇ ಹತ್ತರ ಮ್ಯಾಲ. ಮೊದಲ ನಾವು ಪೊಲೀಸರ ಸಂಗಡ ಇನ್ನ ಹತ್ತು ನಿಮಿಷ ಸಾಹೇಬ್ರ ಅಂತ ಜಗ್ಗ್ಯಾಡ್ತಿದ್ವಿ, ಹಾಡೋರಿಗೂ ಅಪಮಾನ. ಈಗ ಹತ್ತಕ್ಕ ಐದು ನಿಮಿಷ ಇದ್ದಂಗೇ ಬಾಕ್ಸ್ ಬಂದ್, ಎಲ್ಲರೂ ಎದ್ದು ಮಠದ ಪಡಸಾಲಿಗಿ ಹೋಗಿ ಬಾಗಲ ಮುಂದ ಮಾಡ್ಕೋತೀವಿ. ಒಳಗ ಮೈಕ್ ಇಲ್ಲ, 60-70 ಮಂದಿ ಒತ್ತಿ ಕೂಡ್ತಾರ, ಬೆಳ್ಳಿ ಚುಕ್ಕಿ ಮೂಡೂತನ ನಡೀತದ. ಅಲ್ಲೇ ಇಬ್ರು ಹುಡುಗ್ಯಾರು ಪದ ಬರಕೋತಾರ, ಇಲ್ಲೀತನ 140 ಪದದ ಮ್ಯಾಲ ಆಗ್ಯಾವ. ಒಂದೇ ಪದ ಇಬ್ರು ಮುತ್ಯಾಗಳು ಬ್ಯಾರೆ ಬ್ಯಾರೆ ಹಾಡಿದ್ರ ಎರಡೂ ಬರೀರಿ ಅಂತ ಹೇಳೀನಿ.

ಒಬ್ಬರು ಹಾಡಾಕ ಕುಂತ್ರ ಏಳೋದೇ ಇಲ್ಲ, ಮುಂದಿನ ಮೇಳದವರು ಕಾಯ್ತಿರ್ತಾರ, ಅವರಿಗಿ ಬ್ಯಾಸರ ಆಗದಂಗ ಹ್ಯಾಂಗ ನಿಲ್ಲಸ್ತೀರಿ ಅಂತ ಪಕ್ಕದೂರವರು ಕೇಳಿದ್ರು. ಅದು ನಮ್ಮ ಗುಟ್ಟು, ಅದನ್ನ ಹೇಳಂಗಿಲ್ಲ. ಆದ್ರ ಇದೊಂದು ಹೇಳ್ತೀನಿ: ಥಂಡಿ ರಾತ್ರ್ಯಾಗ ದಮ್ಮಡಿ ಚರ್ಮ ಸಡ್ಲಾಗಿ ಧ್ವನಿ ಸಾಯ್ತದ, ಅದಕ್ಕ ಪಡಸಾಲಿ ಮೂಲ್ಯಾಗ ಚಾದ ಒಲಿ ಇಡ್ರಿ, ಒಬ್ಬ ಹುಡುಗನ್ನ ಅಲ್ಲೇ ಕೂಡಸ್ರಿ. ಒಂದು ಪದ ಮುಗ್ಯೂದರಾಗ ಇನ್ನೊಂದು ದಮ್ಮಡಿ ಕಾದು ಕೈಗಿ ಬರಬೇಕು. ನಮ್ಮಲ್ಲಿ ಆ ಕೆಲಸ ಮಾಡೋನಿಗಿ 11 ವರ್ಷ, ಹೋದ ಸಲ ನಸುಕಿನ್ಯಾಗ ಮುತ್ಯಾಗಳು ಅವನ ಕೈಯಾಗೇ ದಮ್ಮಡಿ ಕೊಟ್ಟು, ಹಾಡೋ ಅಂದ್ರು. ಎರಡು ನುಡಿ ಹಾಡ್ಯಾನ.