ಹೊಸ ಆಟ ಬೇಕಿದ್ದರೆ ಮೊದಲು ತೊಡಕು ಕೊಡಿ

ಬಿ.ಪಿ.ಇಡಿ. (ದೈಹಿಕ ಶಿಕ್ಷಣ ಶಿಕ್ಷಕರ ತರಬೇತಿ) ಪ್ರಶಿಕ್ಷಣಾರ್ಥಿಗಳಿಗೆ ‘ಸೃಜನಶೀಲವಾಗಿ ಯೋಚಿಸಿ ಹೊಸ ಆಟವೊಂದನ್ನು ಕಟ್ಟಿ’ ಎಂದು ಹೇಳಿ ನೋಡಿ. ಎರಡು ಚೆಂಡಿನ ಫುಟ್‌ಬಾಲ್ ಸಿಗುತ್ತದೆ. ಪಾಠ ಅಭ್ಯಾಸ ಮಾಡಿಸುವ ನನಗೆ ಆ ಆಟ ನೋಡಿ ನೋಡಿ ಸಾಕಾಗಿದೆ. ಈಗ ಹೊಸ ಆಟ ಕೇಳುವುದನ್ನೇ ಬಿಟ್ಟು ಒಂದು ತೊಡಕು ಕೊಡುತ್ತೇನೆ: ಐವತ್ತು ಮಕ್ಕಳು, ಒಂದೇ ಚೆಂಡು, ಏಟು ಬೀಳುತ್ತದೆಂದು ಗೋಡೆಗೆ ಒರಗಿ ನಿಲ್ಲುವ ಐದನೇ ತರಗತಿಯ ಹುಡುಗಿಯರು. ಎಲ್ಲರೂ ಆಡಬೇಕು, ಯಾರಿಗೂ ನೋವಾಗಬಾರದು.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೂ ಇಂಥದ್ದೇ ಇಕ್ಕಟ್ಟಿನಲ್ಲಿ. 1891ರ ಚಳಿಗಾಲದಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಪಾಲಿಗೆ ಬಂದದ್ದು ಕವಾಯತಿಗೆ ಬೇಸತ್ತ ಹದಿನೆಂಟು ಮಂದಿಯ ತರಗತಿ. ಜಪಾನಿನ ಇಶಿಕಾವಾ ಕೂಡ ಅವರಲ್ಲೊಬ್ಬ. ಫುಟ್‌ಬಾಲನ್ನು ಒಳಾಂಗಣಕ್ಕೆ ತಂದು ನೋಡಿದರೂ ಕೈಗೂಡಲಿಲ್ಲ. ಆಗ ನೈಸ್ಮಿತ್ ತೊಡಕನ್ನು ಬಿಡಿಸುತ್ತಾ ಹೋದರು. ಚೆಂಡು ಹಿಡಿದು ಓಡುವವನ ಮೇಲೆ ಎಲ್ಲರೂ ಬೀಳುತ್ತಾರೆ, ಹಾಗಾದರೆ ಆ ಓಟವೇ ಬೇಡ. ಜೋರಾಗಿ ಎಸೆದರೆ ಪೆಟ್ಟಾಗುತ್ತದೆ, ಹಾಗಾದರೆ ಗುರಿ ತಲೆಗಿಂತ ಎತ್ತರದಲ್ಲಿರಲಿ, ಚೆಂಡನ್ನು ಮೆಲ್ಲಗೆ ಎತ್ತಿ ಹಾಕಬೇಕಾಗುತ್ತದೆ. ಈ ಎರಡನೆಯದು ಹೊಳೆದದ್ದು ಕೆನಡಾದಲ್ಲಿ ಬಾಲ್ಯದಲ್ಲಿ ಆಡಿದ ಆಟದಿಂದ. ಬಂಡೆಯ ಮೇಲಿಟ್ಟ ಕಲ್ಲನ್ನು ಇನ್ನೊಂದು ಕಲ್ಲಿನಿಂದ ಬೀಳಿಸುವ ಆ ಆಟದಲ್ಲಿ ರಭಸದ ಎಸೆತಕ್ಕಿಂತ ಕಮಾನಿನಂತೆ ಎತ್ತಿ ಹಾಕಿದ ಕಲ್ಲೇ ಹೆಚ್ಚು ಕೆಲಸ ಮಾಡುತ್ತಿತ್ತು. ಅದೇ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದರು. ನಮ್ಮ ವೃತ್ತಿಯ ಬೇರು ಅಲ್ಲಿಗೂ ಚಾಚಿದೆ.

ತೊಡಕು ಕೊಟ್ಟ ಮೇಲೆ ಪ್ರತಿಯೊಬ್ಬರಿಂದಲೂ ಅವರ ಊರಿನ ಆಟವೊಂದನ್ನು ಕೇಳಿ. ಇಲ್ಲಿ ಎಚ್ಚರ ಬೇಕು. ಸ್ವಲ್ಪ ಸಡಿಲ ಬಿಟ್ಟರೆ ತರಗತಿ ಸಾಂಸ್ಕೃತಿಕ ಕಾರ್ಯಕ್ರಮವಾಗುತ್ತದೆ, ಯಾರಾದರೊಬ್ಬರು ಪೇಟ ಕಟ್ಟಿಕೊಂಡು ಬರುತ್ತಾರೆ. ನಮಗೆ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: ಆ ಆಟದಲ್ಲಿ ಕೈಕಾಲಿಗೆ ಏನು ಕಷ್ಟ?

ಹೀಗೆ ಕೇಳಿದಾಗ ಮಣಿಪುರದ ವಿದ್ಯಾರ್ಥಿಯೊಬ್ಬ ಯುಬಿ ಲಾಕ್ಪಿಯ ಬಗ್ಗೆ ಹೇಳಿದ. ಎಣ್ಣೆ ಸವರಿದ ತೆಂಗಿನಕಾಯಿಯನ್ನು ಕಿತ್ತುಕೊಳ್ಳುವ ಆಟ ಅದು. ಕಾಯಿ ಕೈಯಲ್ಲಿ ನಿಲ್ಲುವುದಿಲ್ಲ. ಪಕ್ಕದಲ್ಲಿದ್ದ ಹಾವೇರಿಯ ಹುಡುಗಿ ತಕ್ಷಣ, ‘ಸರ್, ಲಗೋರಿ ಚೆಂಡೂ ಜಾರಿದರೆ?’ ಎಂದಳು. ಬಕೆಟ್‌ನಲ್ಲಿ ಸಾಬೂನು ನೀರು ತಂದರು, ಪ್ಲಾಸ್ಟಿಕ್ ಚೆಂಡನ್ನು ಅದ್ದಿದರು. ಜಾರುವ ಚೆಂಡನ್ನು ಬೀಸಿ ಹೊಡೆಯಲು ಆಗುವುದಿಲ್ಲ, ಎರಡೂ ಕೈಯಲ್ಲಿ ಬೊಗಸೆ ಹಿಡಿದು ಕೆಳಗಿನಿಂದ ಎಸೆಯಬೇಕು. ಬೆನ್ನಿಗೆ ಬಿದ್ದರೂ ನೋವಿಲ್ಲ. ಅಭ್ಯಾಸ ಶಾಲೆಯಲ್ಲಿ ಆಡಿಸಿದಾಗ ಗೋಡೆ ಖಾಲಿಯಾಯಿತು. ಮಣ್ಣಿನ ಮೈದಾನದಲ್ಲಿ ಮಾತ್ರ ಆಡಿಸಿ. ಸಿಮೆಂಟ್ ನೆಲದಲ್ಲಿ ಮಕ್ಕಳೇ ಜಾರುತ್ತಾರೆ.

ಗಮನಿಸಿ, ಬದಲಾದದ್ದು ಒಂದೇ ಸಂಗತಿ. ಅಂಕಣ, ಚೆಂಡು, ಅಂಕ ಮೂರನ್ನೂ ಒಟ್ಟಿಗೆ ಬದಲಿಸಲು ಬಿಡಬೇಡಿ. ಯಾವುದರಿಂದ ಏನಾಯಿತು ಎಂಬುದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಇದೆಲ್ಲ ನಡೆಯುವಾಗ ನೀವು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹತ್ತು ನಿಮಿಷ ಸುಮ್ಮನಿರಿ. ಸಾಲಿನಲ್ಲಿ ನಿಂತು ಬೆಳೆದ ನಮ್ಮ ಹುಡುಗರು ಮೇಷ್ಟ್ರ ಮುಖ ನೋಡಿಯೇ ಉತ್ತರ ಹುಡುಕುತ್ತಾರೆ.

ಅಂಕ ಕೊಡುವುದೇ ಕಷ್ಟದ ಕೆಲಸ. ಸೃಜನಶೀಲತೆಯನ್ನು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಟಾರೆನ್ಸ್ ಅವರು ಪುಟ್ಟ ಮಕ್ಕಳಿಗಾಗಿ ರೂಪಿಸಿದ ಚಲನೆಯ ಪರೀಕ್ಷೆಯಲ್ಲಿ, ಕಾಗದದ ಲೋಟವನ್ನು ಕಸದ ಬುಟ್ಟಿಗೆ ಎಷ್ಟು ಬಗೆಯಲ್ಲಿ ಹಾಕಬಲ್ಲೆ ಎಂದು ಕೇಳುತ್ತಾರೆ. ದೊಡ್ಡವರಿಗೂ ಮೈಚಳಿ ಬಿಡಿಸಲು ಅದು ಚೆನ್ನಾಗಿದೆ. ಆದರೆ ಅಪರೂಪದ ಉತ್ತರಕ್ಕೆ ಹೆಚ್ಚು ಅಂಕ ಎಂಬ ಲೆಕ್ಕ ಬೇರೆ ಬೇರೆ ಊರಿನವರಿರುವ ತರಗತಿಯಲ್ಲಿ ಕೈಕೊಡುತ್ತದೆ. ಪಾದದಿಂದ ಲೋಟ ಚಿಮ್ಮಿಸುವುದು ನಮಗೆ ಅಪೂರ್ವ, ಕಾಲಿನಿಂದ ಚೆಂಡನ್ನು ಬಲೆಯಾಚೆ ಹೊಡೆಯುವ ಸೆಪಕ್ ಟಕ್ರಾ ಆಡಿದವನಿಗೆ ದಿನನಿತ್ಯದ್ದು. ಹಾಗಾಗಿ ತಂದ ಆಟಕ್ಕೆ ನಾನು ಅಂಕ ಕೊಡುವುದಿಲ್ಲ, ಅದಕ್ಕೆ ಮಾಡಿದ ಬದಲಾವಣೆಗೆ ಕೊಡುತ್ತೇನೆ.

ಕೊನೆಗೆ ಪಾಠ ಯೋಜನೆ ಬರೆಸಿ. ಉಪಕರಣಗಳ ಸಾಲಿನಲ್ಲಿ ‘ಸಾಬೂನು ನೀರು, ಒಂದು ಬಕೆಟ್’ ಎಂದು ಕಂಡರೆ ಬಾಹ್ಯ ಪರೀಕ್ಷಕರು ಹುಬ್ಬೇರಿಸುತ್ತಾರೆ. ಉದ್ದೇಶದ ಜಾಗದಲ್ಲಿ ‘ಎರಡು ಕೈಗಳ ಕೆಳ ಎಸೆತ ಮತ್ತು ಹಿಡಿತ’ ಎಂದು ಮೊದಲೇ ಬರೆದಿಟ್ಟಿರಲಿ.