ಗುಂಗುರು ಉಲನ್ ಟೊಪ್ಪಿಗೆ ಹುಬ್ಬಿನ ಮೇಲೆ ಜಾರುತ್ತಿದ್ದರೆ

ಬೂಕ್ಲೆ ಎನ್ನುವ ಗುಂಗುರು ಉಲನ್‌ನಲ್ಲಿ ಹೆಣೆದ ಟೊಪ್ಪಿಗೆ ಮೊದಲು ಸರಿಯಾಗೇ ಕೂರುತ್ತದೆ. ಒಮ್ಮೆ ಒಗೆದ ಮೇಲೆ ಅಂಚು ಸಡಿಲಾಗಿ ಕಣ್ಣಿಗಿಳಿಯುತ್ತದೆ, ಕಿವಿ ಹತ್ತಿರ ಬೆಳಗಾವಿಯ ಡಿಸೆಂಬರ್ ಗಾಳಿ ನುಗ್ಗುತ್ತದೆ.

ಎಲಾಸ್ಟಿಕ್ ದಾರ ಪೋಣಿಸಿದರೆ ಹಣೆಗೆ ಗೆರೆ ಬೀಳುತ್ತದೆ. ಕುಣಿಕೆ ಕಡಿಮೆ ಮಾಡಿದರೆ ನೆತ್ತಿ ಬಿಗಿ, ಅಂಚು ಮತ್ತೆ ಸಡಿಲ. ನೂಲು ಅಕ್ರಿಲಿಕ್ (ಕೃತಕ ನೂಲು) ಆಗಿದ್ದರೆ ಬಿಸಿನೀರಿಗೆ ಕುಗ್ಗುವುದಿಲ್ಲ, ಇನ್ನಷ್ಟು ಜೋಲುತ್ತದೆ.

ತೊಂದರೆ ಇರುವುದು ರಿಬ್‌ನಲ್ಲಿ, ಅಂದರೆ ಸೀದಾ-ಉಲ್ಟಾ ಕುಣಿಕೆಗಳಲ್ಲಿ ಹೆಣೆದ ಹಿಗ್ಗುವ ಅಂಚುಪಟ್ಟಿಯಲ್ಲಿ. ಗುಂಗುರು ನೂಲಿನಲ್ಲಿ ಸೀದಾ-ಉಲ್ಟಾ ಸಾಲುಗಳು ಒತ್ತಾಗಿ ಮಡಚಿಕೊಳ್ಳುವುದಿಲ್ಲ, ಎಳೆದದ್ದು ವಾಪಸ್ ಬರುವುದಿಲ್ಲ. ಹಾಗಾಗಿ ಅಂಚಿಗೆ ನಯವಾದ, ಮಧ್ಯಮ ದಪ್ಪದ ಉಲನ್ನೇ ಬೇಕು.

56 ಸೆಂ.ಮೀ. ತಲೆಗೆ ಅಳತೆ ಹೀಗೆ: 4 ಮಿ.ಮೀ. ಸರ್ಕ್ಯುಲರ್ ಕಡ್ಡಿಗೆ (ಸುತ್ತಾಗಿ ಹೆಣೆಯಲು ವೈರಿನಿಂದ ಜೋಡಿಸಿದ ಕಡ್ಡಿ) ನಯ ಉಲನ್‌ನ 88 ಕುಣಿಕೆ ಏರಿಸಿ, ಎರಡು ಸೀದಾ ಎರಡು ಉಲ್ಟಾದಂತೆ 6 ಸೆಂ.ಮೀ. ಹೆಣೆಯಿರಿ. ಮುಂದಿನ ಸುತ್ತಿನಲ್ಲಿ ಎರಡು ಸೀದಾ, ಆಮೇಲೆ ಎರಡು ಕೂಡಿಸಿ ಒಂದು, ಹೀಗೇ ಸುತ್ತಿನುದ್ದಕ್ಕೂ ಮಾಡಿದರೆ 66 ಉಳಿಯುತ್ತದೆ. ಈ ಸುತ್ತೂ ನಯ ಉಲನ್‌ನಲ್ಲೇ ಆಗಬೇಕು, ಗುಂಗುರಿನಲ್ಲಿ ಕುಣಿಕೆ ಕಣ್ಣಿಗೆ ಬೀಳುವುದೇ ಕಷ್ಟ. ಈಗ 6 ಮಿ.ಮೀ. ಕಡ್ಡಿ, ಗುಂಗುರು ಉಲನ್, ಬರೀ ಸೀದಾ, 8 ಸೆಂ.ಮೀ. ಹೆಣೆಯಿರಿ. ಒಗೆದು ಒಣಗಿಸಿದ ಮಾದರಿ ತುಂಡಿನಲ್ಲಿ 10 ಸೆಂ.ಮೀ.ಗೆ 13 ಕುಣಿಕೆ ಬರಬೇಕು. ಒಗೆಯದ ತುಂಡಿನ ಅಳತೆ ನಂಬಬೇಡಿ.

ನೆತ್ತಿಗೆ 11 ಕುಣಿಕೆಗೊಂದು ಮಾರ್ಕರ್ (ಗುರುತಿನ ಉಂಗುರ) ಹಾಕಿ, ಅದರ ಹಿಂದಿನ ಎರಡನ್ನು ಸುತ್ತು ಬಿಟ್ಟು ಸುತ್ತು ಕೂಡಿಸುತ್ತಾ ಹೋಗಿ. 30ಕ್ಕೆ ಇಳಿದ ಮೇಲೆ ಪ್ರತಿ ಸುತ್ತಿನಲ್ಲೂ ಕೂಡಿಸಿ. ಕೊನೆಯ 6 ಕುಣಿಕೆಗೆ ನಯ ಉಲನ್ ಪೋಣಿಸಿ ಬಿಗಿಯಿರಿ. ಗುಂಗುರು ನೂಲನ್ನೇ ಎಳೆದರೆ ಸುರುಳಿಗಳು ಸಿಕ್ಕಿಕೊಂಡು ಒಳಗಿನ ತೆಳು ದಾರ ಹರಿಯುತ್ತದೆ.