ಅಡಿಕೆ ಮಂಡಿಯ ಕಾಗದಗಳನ್ನು ಕಂಪ್ಯೂಟರಿಗೆ ತಂದ ಬಗೆ: ನನ್ನ ಅನುಭವ

ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಒಂದು ಲಾಟ್ ಅಡಿಕೆ ಒಳಗೆ ಬಂದು ಹೊರಗೆ ಹೋಗುವಷ್ಟರಲ್ಲಿ ನಮ್ಮಲ್ಲಿ ಐದಾರು ಕಾಗದ ಹುಟ್ಟುತ್ತವೆ. ಆವಕದ ಚೀಟಿ, ತೂಕದ ಚೀಟಿ, ಟೆಂಡರ್ ದರದ ಹಾಳೆ, ರೈತರಿಗೆ ಕೊಡುವ ಪಟ್ಟಿ (ಅವರ ಅಡಿಕೆ ಮಾರಿದ ಲೆಕ್ಕದ ಚೀಟಿ), ಖರೀದಿದಾರರ ಬಿಲ್ಲು, ಲಾರಿ ಜೊತೆ ಹೋಗುವ ಈ-ವೇ ಬಿಲ್. ಇದರ ಜೊತೆಗೆ ಮುಂಗಡ ಕೊಟ್ಟಾಗ ಬರೆಸಿಕೊಂಡ ಪ್ರೋನೋಟು (ಹಣ ತೀರಿಸುತ್ತೇನೆ ಅಂತ ಬರೆದುಕೊಟ್ಟ ಪತ್ರ) ಬೇರೆ. ಸೀಸನ್‌ನಲ್ಲಿ ಮೇಜಿನ ಮೇಲೆ ಜಾಗ ಇರುವುದಿಲ್ಲ.

ರೈತರು ಹಳೇ ಪಟ್ಟಿ ಕೇಳಿಕೊಂಡು ಬರುವುದು ನಮ್ಮಲ್ಲಿ ಮಾಮೂಲಿ. ಬ್ಯಾಂಕಿನಲ್ಲಿ ಸಾಲಕ್ಕೆ ಬೇಕು, ಅಣ್ಣ ತಮ್ಮಂದಿರು ಪಾಲಾಗುವಾಗ ಬೇಕು, ಆಡಿಟರ್ ಕೇಳಿದ್ದಾರೆ ಅಂತ ಬರುತ್ತಾರೆ. ಅವರು ಕೇಳುವುದು ಹೀಗೆ: "ಹೋದ್ ಸಲ ಅಲ್ಲ, ಅದರ ಹಿಂದಿನ ಸಲ ರಾಶಿ ಹಾಕಿದ್ನಲ್ಲ, ಆ ಪಟ್ಟಿ." ಪಟ್ಟಿ ನಂಬರ್ ಯಾರಿಗೂ ನೆನಪಿರುವುದಿಲ್ಲ. ತಾರೀಕೂ ಇರುವುದಿಲ್ಲ. ಹೆಸರು, ಊರು, ಯಾವ ಅಡಿಕೆ (ರಾಶಿ ಅನ್ನುವುದು ಅಡಿಕೆಯ ಒಂದು ಬಗೆ), ಸುಮಾರು ಯಾವ ತಿಂಗಳು, ಇಷ್ಟೇ. ಕಾಗದವನ್ನು ಕಂಪ್ಯೂಟರಿಗೆ ಹಾಕಬೇಕು ಅಂತ ಹೊರಟಾಗ ನಾನು ಮೊದಲು ನೋಡಿದ್ದು ಸ್ಕ್ಯಾನರ್ ಅಂಗಡಿಯನ್ನಲ್ಲ, ಈ ಕೇಳುವ ರೀತಿಯನ್ನು. ಒಂದಷ್ಟು ದಿನ ಯಾರು ಏನು ಕೇಳಿಕೊಂಡು ಬಂದರೂ ಅವರ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮುಂದಿನದೆಲ್ಲ ಅದರಿಂದಲೇ ತೀರ್ಮಾನವಾಯಿತು.

ಹಿಂದಿನ ಕೋಣೆಯ ಹಳೇ ಗಂಟುಗಳನ್ನು ನಾವು ಮುಟ್ಟಲಿಲ್ಲ. ಏಪ್ರಿಲ್ ಒಂದರಿಂದ ಬರುವ ಹೊಸ ಕಾಗದ ಅವತ್ತವತ್ತೇ ಸ್ಕ್ಯಾನ್ ಆಗಬೇಕು ಅಂತ ಶುರು ಮಾಡಿದೆವು. ಹಳೆಯದು ಯಾರಾದರೂ ಕೇಳಿದಾಗ ಮಾತ್ರ. ಹೇಗೂ ಹುಡುಕಿ ತೆಗೆದಿರುತ್ತೇವೆ, ವಾಪಸ್ ಇಡುವ ಮೊದಲು ಸ್ಕ್ಯಾನ್ ಮಾಡಿಬಿಡುವುದು. ಜನ ಕೇಳುವ ಕಾಗದ ಯಾವುದು ಅಂತ ಅದರಿಂದಲೇ ಗೊತ್ತಾಗುತ್ತದೆ. ಯಾರೂ ಕೇಳದ ಗಂಟಿಗೆ ಕೂಲಿ ಕೊಟ್ಟು ಸ್ಕ್ಯಾನ್ ಮಾಡಿಸುವುದು ಸುಮ್ನೆ ದುಡ್ಡು ದಂಡ.

ಎಷ್ಟು ವರ್ಷ ಇಡಬೇಕು ಅನ್ನುವುದಕ್ಕೆ ಕಾನೂನು ಇದೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇರಬೇಕು. ಕೇಸು, ಅಪೀಲು ನಡೆಯುತ್ತಿದ್ದರೆ ಇನ್ನೂ ಜಾಸ್ತಿ. ನಾವು ಒಂದೊಂದು ಪೆಟ್ಟಿಗೆಯ ಮೇಲೂ "ಇಂಥ ತಿಂಗಳವರೆಗೆ ತೆಗೆಯಬಾರದು" ಅಂತ ದೊಡ್ಡದಾಗಿ ಬರೆದು ಅಂಟಿಸಿದ್ದೇವೆ. ಆ ದಿನ ದಾಟಿದ ಮೇಲೆ ಆಡಿಟರ್‌ಗೆ ಒಂದು ಮಾತು ಕೇಳಿಯೇ ವಿಲೇವಾರಿ.

ಇನ್ನು ಸ್ಕ್ಯಾನಿಂಗ್. ಇದರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಯಂತ್ರಕ್ಕಲ್ಲ, ಕಾಗದ ಸಿದ್ಧ ಮಾಡುವುದಕ್ಕೆ. ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ತೆಗೆಯಬೇಕು. ಟ್ಯಾಗ್ ಬಿಚ್ಚಬೇಕು. ಮೂಲೆ ಮಡಚಿದ್ದನ್ನು ಬಿಡಿಸಬೇಕು. ಒಂದು ಸ್ಟೇಪ್ಲರ್ ಪಿನ್ನು ಒಳಗೆ ಹೋದರೆ ಸ್ಕ್ಯಾನರ್‌ನ ಗಾಜಿಗೆ ಗೀರು ಬೀಳುತ್ತದೆ, ಆಮೇಲೆ ಪ್ರತಿ ಪುಟದಲ್ಲೂ ಮೇಲಿಂದ ಕೆಳಗೆ ಒಂದು ಗೆರೆ. ನಮ್ಮಲ್ಲಿ ಅಡಿಕೆ ಧೂಳಿನ ಕಾಟ ಬೇರೆ. ರಬ್ಬರ್ ರೋಲರ್ ಮೇಲೆ ಧೂಳು ಕೂತರೆ ಹಾಳೆ ಜಾರುತ್ತದೆ, ಎರಡು ಹಾಳೆ ಒಟ್ಟಿಗೆ ಒಳಗೆ ಹೋಗುತ್ತವೆ. ಬೆಳಗ್ಗೆ ದೀಪ ಹಚ್ಚಿದ ಮೇಲೆ ರೋಲರ್ ಒರೆಸುವುದು ನಮ್ಮ ಹುಡುಗನ ಮೊದಲ ಕೆಲಸ. ಸ್ಕ್ಯಾನರ್ ಇರುವುದು ತೂಕದ ಕಟ್ಟೆಯಿಂದ ದೂರ, ಒಳಗಿನ ಕೋಣೆಯಲ್ಲಿ.

ತೂಕದ ಚೀಟಿಯ ಕಥೆಯೇ ಬೇರೆ. ಎಲೆಕ್ಟ್ರಾನಿಕ್ ಕಾಟಾದಿಂದ ಬರುವುದು ಥರ್ಮಲ್ ಕಾಗದ. ಅದರಲ್ಲಿ ಶಾಯಿ ಇಲ್ಲ, ಬಿಸಿ ತಾಗಿ ಕಾಗದವೇ ಕಪ್ಪಾಗಿರುತ್ತದೆ. ಬಿಸಿಲಿಗೆ, ಸೆಕೆಗೆ, ಪ್ಲಾಸ್ಟಿಕ್ ಕವರ್‌ಗೆ ಅಕ್ಷರ ಮಾಸಿಹೋಗುತ್ತದೆ. ಹಾಗಾಗಿ ತೂಕದ ಚೀಟಿಯನ್ನು ಸಂಜೆಯ ತನಕವೂ ಬಿಡುವುದಿಲ್ಲ, ಮಧ್ಯಾಹ್ನ ಊಟಕ್ಕೆ ಏಳುವ ಮೊದಲೇ ಸ್ಕ್ಯಾನ್. ಚೀಟಿ ಉದ್ದುದ್ದ, ಸಣ್ಣದು. ಒಂದು ಎ4 ಹಾಳೆಗೆ ನಾಲ್ಕು ಚೀಟಿ ಜೋಡಿಸಿ ಗಾಜಿನ ಮೇಲೆ ಇಡುತ್ತೇವೆ.

ಬಣ್ಣದ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಒಂದು ಎ4 ಹಾಳೆ ಅಂದರೆ 2480 ಅಡ್ಡ, 3508 ಉದ್ದ ಚುಕ್ಕೆ. ಕುಗ್ಗಿಸದೆ ಇಟ್ಟರೆ ಕಲರ್‌ನಲ್ಲಿ ಸುಮಾರು 26 ಎಂಬಿ, ಬರೀ ಕಪ್ಪು ಬಿಳುಪಿನಲ್ಲಿ 1 ಎಂಬಿ ಚಿಲ್ಲರೆ. ಈ ವ್ಯತ್ಯಾಸ ನೋಡಿ ಎಲ್ಲರೂ ಕಪ್ಪು ಬಿಳುಪಿಗೇ ಕೈ ಹಾಕುತ್ತಾರೆ. ಪ್ರಿಂಟ್ ಆದ ಬಿಲ್ಲಿಗೆ ಅದು ಸಾಕು. ನಮ್ಮ ಪಟ್ಟಿಗೆ ಸಾಲದು. ಪಟ್ಟಿಯ ಎರಡನೇ ಪ್ರತಿ ಕಾರ್ಬನ್ ಹಾಕಿ ಬರೆದದ್ದು, ನೀಲಿ, ಮಸುಕು. ಕಪ್ಪು ಬಿಳುಪಿನಲ್ಲಿ ಹಾಕಿದರೆ ಅರ್ಧ ಅಂಕಿ ಮಾಯವಾಗುತ್ತದೆ, ಚೊಗರು (ಅಡಿಕೆ ಬೇಯಿಸಿದ ಕಂದು ರಸ) ಹತ್ತಿದ ಜಾಗ ಪೂರ್ತಿ ಕಪ್ಪು ಮಸಿ ಆಗಿ ಅದರ ಕೆಳಗಿನ ತೂಕ ಮುಚ್ಚಿಹೋಗುತ್ತದೆ. ಅದೇ ಹಾಳೆಯನ್ನು ಕಲರ್‌ನಲ್ಲಿ ತೆಗೆದರೆ ಕಂದು ಕಲೆಯ ಕೆಳಗಿನ ನೀಲಿ ಅಂಕಿ ಸಲೀಸಾಗಿ ಓದಬಹುದು. ಅಂಕಿ ಕಳೆದುಕೊಂಡು ಡಿಸ್ಕಿನಲ್ಲಿ ಜಾಗ ಉಳಿಸುವುದರಲ್ಲಿ ಅರ್ಥವಿಲ್ಲ. ಕೈಬರಹ, ಸೀಲು, ಸಹಿ ಇರುವುದೆಲ್ಲ ನಮ್ಮಲ್ಲಿ ಕಲರ್. ಕೊನೆಗೆ ಉಳಿಸುವುದು ಪಿಡಿಎಫ್/ಎ ರೂಪದಲ್ಲಿ. ಬಹಳ ಕಾಲ ಕಾಪಿಡುವುದಕ್ಕೆ ಅಂತಲೇ ಮಾಡಿದ ರೂಪ ಅದು, ಅಕ್ಷರದ ಫಾಂಟು ಕೂಡ ಫೈಲಿನ ಒಳಗೇ ಇರುತ್ತದೆ.

ಸಾಫ್ಟ್‌ವೇರ್ ಆಗಿ ನಾವು ಬಳಸುವುದು ಪೇಪರ್‌ಲೆಸ್-ಎನ್‌ಜಿಎಕ್ಸ್. ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ಯಜಮಾನರ ಅಕ್ಕನ ಮಗ ಆಫೀಸಿನ ಒಂದು ಕಂಪ್ಯೂಟರಿಗೆ ಹಾಕಿಕೊಟ್ಟ. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ಎರಡು. ಮೊದಲನೆಯದು ಬಾರ್‌ಕೋಡ್ ಹಾಳೆ. "ಪ್ಯಾಚ್‌ಟಿ" ಅನ್ನುವ ಬಾರ್‌ಕೋಡನ್ನು ಖಾಲಿ ಹಾಳೆಯಲ್ಲಿ ಪ್ರಿಂಟ್ ತೆಗೆದು ಒಂದೊಂದು ಲಾಟಿನ ಕಾಗದಗಳ ನಡುವೆ ಇಡುತ್ತೇವೆ. ಇಡೀ ಕಟ್ಟು ಒಟ್ಟಿಗೆ ಸ್ಕ್ಯಾನರ್‌ಗೆ ಹಾಕಿದರೂ ಆ ಹಾಳೆ ಬಂದ ಕಡೆಯೆಲ್ಲ ತಂತ್ರಾಂಶವೇ ಬೇರೆ ಬೇರೆ ಫೈಲ್ ಮಾಡುತ್ತದೆ. ಎರಡನೆಯದು ಕಾಗದದ ಮೇಲೆ ಅಂಟಿಸುವ ಕ್ರಮಸಂಖ್ಯೆ. ಅಸಲು ಇಡಲೇಬೇಕಾದ ಕಾಗದಕ್ಕೆ ನಂಬರಿನ ಸ್ಟಿಕರ್ ಹಚ್ಚಿ ಅದೇ ನಂಬರಿನ ಸಾಲಿನಲ್ಲಿ ಪೆಟ್ಟಿಗೆಯೊಳಗೆ ಇಡುತ್ತೇವೆ. ಊರಿನ ಪ್ರಕಾರ, ಹೆಸರಿನ ಪ್ರಕಾರ ಜೋಡಿಸುವ ಗೋಜೇ ಇಲ್ಲ. ಹುಡುಕುವುದು ಕಂಪ್ಯೂಟರಿನಲ್ಲಿ, ನಂಬರ್ ನೋಡಿ ಎದ್ದು ಹೋಗಿ ತೆಗೆಯುವುದು.

ಅಕ್ಷರ ಗುರುತಿಸುವ ಕೆಲಸ, ಅಂದರೆ ಓಸಿಆರ್, ಇದರೊಳಗೆ ಟೆಸರ್ಯಾಕ್ಟ್‌ನಿಂದ ನಡೆಯುತ್ತದೆ. ಕನ್ನಡವೂ ಬರುತ್ತದೆ, ಇಂಗ್ಲಿಷ್ ಕನ್ನಡ ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಬಹುದು. ಪ್ರಿಂಟ್ ಆದ ಇಂಗ್ಲಿಷ್ ಬಿಲ್ಲನ್ನು ಚೆನ್ನಾಗಿ ಓದುತ್ತದೆ. ಪ್ರಿಂಟ್ ಆದ ಕನ್ನಡವನ್ನೂ ಹಾಳೆ ಸ್ವಚ್ಛವಾಗಿದ್ದರೆ ಪರವಾಗಿಲ್ಲ, ಆದರೆ ಒತ್ತಕ್ಷರ, ಅರ್ಕಾವೊತ್ತು ಬಂದ ಕಡೆ ತಪ್ಪುತ್ತದೆ. ಅವಸರದ ಕೈಬರಹಕ್ಕೆ ಅದನ್ನು ನಂಬುವ ಹಾಗಿಲ್ಲ. ನಮ್ಮ ಪಟ್ಟಿ ಪೂರ್ತಿ ಕೈಬರಹ. ಅದಕ್ಕೇ ಪ್ರತಿ ಲಾಟಿಗೂ ರೈತರ ಹೆಸರು, ಊರು, ಅಡಿಕೆಯ ಬಗೆ, ಪಟ್ಟಿ ನಂಬರ್, ತಾರೀಕು, ಇಷ್ಟನ್ನು ಕೈಯಲ್ಲೇ ಟೈಪ್ ಮಾಡುತ್ತೇವೆ. ಇದು ತಪ್ಪಿಸಿಕೊಳ್ಳುವ ಕೆಲಸ ಅಲ್ಲ. ಸ್ಕ್ಯಾನರ್ ಮಾರುವವರು ಎಷ್ಟೇ ಹೇಳಲಿ, ಈ ಐದು ಸಂಗತಿ ಸರಿಯಾಗಿ ಕೂರದೆ ಹೋದರೆ ಕಂಪ್ಯೂಟರಿನೊಳಗೂ ಹಿಂದಿನ ಕೋಣೆಯೇ.

ಹೆಸರಿನಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಒಂದೇ ಊರಿನಲ್ಲಿ ಮಂಜಪ್ಪ ಅನ್ನುವವರು ಮೂರು ನಾಲ್ಕು ಜನ ಇರುತ್ತಾರೆ, ಅಲ್ವಾ? ಅವರಲ್ಲಿ ಇಬ್ಬರ ತಂದೆ ಹೆಸರೂ ಒಂದೇ ಇರಬಹುದು. ಹಾಗಾಗಿ ಪ್ರತಿ ರೈತರಿಗೂ ನಮ್ಮದೇ ಒಂದು ಖಾತೆ ನಂಬರ್ ಕೊಟ್ಟು, ಹೆಸರನ್ನು ಒಂದೇ ಸಲ ಬರೆದು, ಆಮೇಲೆ ಕಂಪ್ಯೂಟರ್ ತೋರಿಸುವ ಹೆಸರುಗಳ ಸಾಲಿನಿಂದ ಆರಿಸಿಕೊಳ್ಳುವ ಹಾಗೆ ಮಾಡಿದೆವು. ಹೆಗಡೆ, ಹೆಗ್ಡೆ ಅಂತ ಎರಡು ರೀತಿ ಬರೆಯಲು ಅವಕಾಶವೇ ಇಲ್ಲ. ಅಡಿಕೆಯ ಬಗೆಯೂ ಅಷ್ಟೇ. ರಾಶಿ, ಬೆಟ್ಟೆ, ಸರಕು, ಗೊರಬಲು, ಇದರಲ್ಲಿ ಒಂದನ್ನು ಆರಿಸಬೇಕು. ತಾರೀಕನ್ನು ವರ್ಷ, ತಿಂಗಳು, ದಿನ ಅಂತ ಬರೆಯುತ್ತೇವೆ, 2024-11-06 ಹೀಗೆ. ಆಗ ಫೈಲುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಸಂಜೆ ಬಾಗಿಲು ಹಾಕುವ ಮುನ್ನ ಒಂದು ತಾಳೆ ನೋಡುತ್ತೇವೆ. ಪಟ್ಟಿ ಪುಸ್ತಕದಲ್ಲಿ ಅಚ್ಚಾದ ನಂಬರ್ ಇರುತ್ತದಲ್ಲ, ಅವತ್ತಿನ ಮೊದಲ ನಂಬರಿನಿಂದ ಕೊನೇ ನಂಬರಿನವರೆಗೆ ಕಂಪ್ಯೂಟರಿನಲ್ಲಿ ಎಲ್ಲಾ ಇವೆಯಾ ಅಂತ. ಒಂದು ತಪ್ಪಿದ್ದರೆ ಎರಡು ಹಾಳೆ ಅಂಟಿಕೊಂಡು ಹೋಗಿದೆ ಅಂತ ಅರ್ಥ. ಅವತ್ತೇ ಹುಡುಕಿದರೆ ಐದು ನಿಮಿಷ. ರದ್ದಾದ ಪಟ್ಟಿಯನ್ನೂ ಸ್ಕ್ಯಾನ್ ಮಾಡುತ್ತೇವೆ, ಇಲ್ಲದಿದ್ದರೆ ಆ ನಂಬರ್ ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ವರ್ಷಗಳ ನಂತರ ಏಳುತ್ತದೆ.

ಅಸಲು ಕಾಗದದ ಬಗ್ಗೆ ವಕೀಲರ ಹತ್ತಿರ ಕೂತು ಮಾತಾಡಿದೆವು. ಪ್ರೋನೋಟು, ಜಿಪಿಎ (ಅಧಿಕಾರಪತ್ರ), ಜಮೀನಿನ ಕ್ರಯಪತ್ರ, ಇವೆಲ್ಲ ತಿಜೋರಿಯಲ್ಲೇ. ನಮ್ಮಂಥವರ ಪ್ರೋನೋಟು, ಜಿಪಿಎ ಎಲ್ಲ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ, ಸ್ಕ್ಯಾನ್ ಪ್ರತಿ ನಮ್ಮ ಅನುಕೂಲಕ್ಕೆ ಅಷ್ಟೇ. ಬಾಕಿ ತೀರಿದ ಮೇಲೆ ಪ್ರೋನೋಟನ್ನು ರೈತರಿಗೆ ವಾಪಸ್ ಕೊಡುತ್ತೇವೆ. ಕೊಡುವ ಮುನ್ನ "ಚುಕ್ತಾ" ಅಂತ ಬರೆದು ಇಬ್ಬರ ಸಹಿಯೊಂದಿಗೆ ಸ್ಕ್ಯಾನ್ ಮಾಡಿಡುವುದು ಇಬ್ಬರಿಗೂ ಒಳ್ಳೆಯದು. ಕೋರ್ಟಿಗೆ ಡಿಜಿಟಲ್ ಪ್ರತಿ ಹಾಜರುಪಡಿಸಬೇಕಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗುರುತಿನ ಸಂಖ್ಯೆ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಹ್ಯಾಶ್ ಬದಲಾಗುತ್ತದೆ. ತಿದ್ದಿಲ್ಲ ಅಂತ ತೋರಿಸಲು ಅದೇ ಆಧಾರ.

ರೈತರ ಆಧಾರ್ ಕಾರ್ಡು, ಪಾಸ್‌ಬುಕ್ ಪ್ರತಿಗಳನ್ನು ಎಲ್ಲರಿಗೂ ಕಾಣುವ ಹಾಗೆ ಇಡಬಾರದು. ಅವರು ನಮ್ಮನ್ನು ನಂಬಿ ಕೊಟ್ಟಿರುತ್ತಾರೆ. ನಮ್ಮಲ್ಲಿ ಅವು ಯಜಮಾನರಿಗೆ ಮತ್ತು ನನಗೆ ಮಾತ್ರ ತೆರೆಯುತ್ತವೆ. ಈಗ ಆಧಾರ್ ಬೇಕಾದರೆ ಕೊನೇ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನೇ ಕೇಳುತ್ತೇವೆ.

ಬ್ಯಾಕಪ್ ಮೂರು ಕಡೆ. ಆಫೀಸಿನ ಕಂಪ್ಯೂಟರ್, ಯಜಮಾನರ ಮನೆಗೆ ಹೋಗುವ ಒಂದು ಹಾರ್ಡ್‌ಡಿಸ್ಕ್, ಬೀಗ ಹಾಕಿದ ಪ್ರತಿ ಒಂದು ಕ್ಲೌಡ್‌ನಲ್ಲಿ. ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿಗೆ ಸದಾ ಚುಚ್ಚಿಡುವುದಿಲ್ಲ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್) ಬಂದರೆ ಚುಚ್ಚಿದ್ದೆಲ್ಲವನ್ನೂ ಅದು ಹಿಡಿಯುತ್ತದೆ. ಆಗಾಗ ಬೇರೊಂದು ಲ್ಯಾಪ್‌ಟಾಪಿನಲ್ಲಿ ಬ್ಯಾಕಪ್ ಬಿಚ್ಚಿ, ಯಾವುದಾದರೂ ಪಟ್ಟಿ ತೆರೆದು ನೋಡುತ್ತೇವೆ.

ಈಗ ಹಳೇ ಕಿರ್ದಿ (ದಿನದ ಲೆಕ್ಕದ) ಪುಸ್ತಕಗಳ ಕೆಲಸ ಹಿಡಿದಿದ್ದೇವೆ. ಯಜಮಾನರ ತಂದೆಯವರ ಕಾಲದವು, ದಾರದಲ್ಲಿ ಹೊಲಿದವು. ಕಾನೂನಿಗೆ ಇವು ಬೇಕಿಲ್ಲ. ಆದರೆ ಆಗಿನ ಅಡಿಕೆ ದರ, ಯಾವ ಊರಿಂದ ಎಷ್ಟು ಚೀಲ ಬಂತು, ಗಾಡಿ ಬಾಡಿಗೆ ಎಷ್ಟು, ಎಲ್ಲಾ ಅದರಲ್ಲಿದೆ. ಹೊಲಿಗೆ ಬಿಚ್ಚುವುದಿಲ್ಲ, ರೋಲರ್ ಸ್ಕ್ಯಾನರ್‌ಗೆ ಹಾಕುವುದೂ ಇಲ್ಲ. ಪುಸ್ತಕವನ್ನು ಪೂರ್ತಿ ಅಗಲಿಸದೆ, ಎರಡೂ ಕಡೆ ದಿಂಬು ಕೊಟ್ಟು, ಮೇಲಿನಿಂದ ಸ್ಟ್ಯಾಂಡಿಗೆ ಹಾಕಿದ ಮೊಬೈಲಿನಲ್ಲಿ ಪುಟ ಪುಟವೂ ಫೋಟೊ. ಬೆಳಕು ಎರಡೂ ಪಕ್ಕದಿಂದ ಓರೆಯಾಗಿ ಬರಬೇಕು, ಆಗ ಹೊಳಪು ಬೀಳುವುದಿಲ್ಲ. ಅಂಕಿಗಳೆಲ್ಲ ಕನ್ನಡದವು, ೬ ಯಾವುದು ೯ ಯಾವುದು ಅಂತ ಬರೆದ ಕೈ ನೋಡಿ ತಿಳಿಯಬೇಕು. ಅದನ್ನು ಓದಬಲ್ಲ ಹಳೇ ಗುಮಾಸ್ತರೊಬ್ಬರು ವಾರಕ್ಕೊಮ್ಮೆ ಬಂದು ಕೂರುತ್ತಾರೆ. ಅವರು ಓದುತ್ತಾರೆ, ನಾನು ತಾರೀಕು ಮತ್ತು ದರ ಟೈಪ್ ಮಾಡುತ್ತೇನೆ. ಸದ್ಯಕ್ಕೆ ದರದ ಕಾಲಂ ಮಾತ್ರ. ಹೆಸರುಗಳನ್ನು ಆಮೇಲೆ ನೋಡಿಕೊಳ್ಳೋಣ ಅಂದಿದ್ದಾರೆ.